ಮೊದಲ ಸಾಲಿನ ಹೆಸರು

ಮುಂಬಯಿಯ ಆಂಟಾಪ್ ಹಿಲ್‌ನ ಕನ್ನಡ ಬ್ಯಾಪ್ಟಿಸ್ಟ್ ಸಭೆಗೆ ಅರವತ್ತು ವರ್ಷ ತುಂಬುತ್ತಿತ್ತು. ಚರಿತ್ರೆ ಬರೆಯುವ ಕೆಲಸ ಸೆಕ್ರೆಟರಿ ದೇವದಾನನ ಪಾಲಿಗೆ ಬಂತು. ದೀಕ್ಷಾಸ್ನಾನದ ಹಳೆಯ ಪುಸ್ತಕವನ್ನು ಅವನು ಭಕ್ತಿಯಿಂದಲೇ ಬಿಚ್ಚಿದ. ಮೊದಲ ಪುಟದಲ್ಲಿ ಏಳು ಹೆಸರು: ಹಣಮಂತ, ರುಕ್ಮಿಣಿಬಾಯಿ, ಗುರುಪಾದ, ಕಾಂತಪ್ಪ, ಹೀಗೆ. ಯಾರನ್ನೂ ಅವನು ಕಂಡು ಕೇಳಿದವನಲ್ಲ. ಯಾದಗಿರಿ ಕಡೆಯಿಂದ ಕೂಲಿಗೆ ಬಂದು, ಮಾಹಿಮ್ ಕಡಲಲ್ಲಿ ಮುಳುಗೆದ್ದು, ಊರಿಗೆ ಮರಳಿದ ಜನ ಇರಬೇಕು. ಆದರೆ ತಲೆಯ ಮೇಲೆ ಇಟ್ಟಿಗೆ ಹೊತ್ತು ಈ ಗೋಡೆಗಳನ್ನು ಎಬ್ಬಿಸಿದ, ತಾನು ಚಿಕ್ಕವನಿದ್ದಾಗಲೇ ತೀರಿಹೋದ ಅಪ್ಪ ಯಾಕೋಬನ ಹೆಸರು ಇಡೀ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಬೇರೆ ಯಾರ ಹೆಸರನ್ನೂ ದೇವದಾನ ಹುಡುಕಲಿಲ್ಲ.

ರಟ್ಟಿನ ಒಳಬದಿಯಲ್ಲಿ ಮೊದಲ ಪಾದ್ರಿ ಬರೆದಿಟ್ಟಿದ್ದರು: ‘ಸಭೆಗೆ ದೊಡ್ಡ ಮನೆ ಆದಂದು ಮೊದಲ ಸಾಲಿನವನ ಕುಟುಂಬಕ್ಕೆ ಒಂದು ಕೋಣೆ.’ ಹಳೆಯದನ್ನು ಕೆಡವಿ ಬಿಲ್ಡಿಂಗ್ ಕಟ್ಟಲು ಬಿಲ್ಡರ್ ಬಂದಿದ್ದ. ಆ ಮಾತು ನಡೆಸಿಕೊಡಲು ಕಮಿಟಿ ಒಪ್ಪಿತ್ತು. ಹನ್ನೊಂದು ತಿಂಗಳಿಗೊಮ್ಮೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಪಾತ್ರೆಪಗಡ ಕಟ್ಟಿಕೊಂಡು ಬಾಡಿಗೆಮನೆ ಬದಲಿಸುವ ದೇವದಾನನಿಗೆ ಮುಂಬಯಿಯಲ್ಲಿ ಒಂದು ಕೋಣೆಯೆಂದರೆ ಪರಲೋಕದ ಈಚೆಗಿನ ಪರಲೋಕ. ಹಣಮಂತನ ಮಕ್ಕಳುಮರಿ ಯಾರೂ ಅದನ್ನು ಕೇಳಿಕೊಂಡು ಬರಲಾರರು. ಹಾಗಾದರೆ ಯಾರ ಬಾಯಿಂದ ಕಸಿದಂತಾಯಿತು?

ಎಂಬತ್ತು ದಾಟಿದ ಮಾರ್ತಮ್ಮ ಸಭೆಯ ಬಾಗಿಲಲ್ಲೇ ಕೂತಿರುತ್ತಿದ್ದಳು.

“ತಿಳೀದಿದ್ರ ಕೇಳ ತಮ್ಮಾ. ಹಳೇ ಪುಸ್ತಕಕ್ಕ ಹಳೇ ಬಾಯಿ ಬೇಕಾಗ್ತದ.”

“ಎಲ್ಲಾ ಬರದಿಟ್ಟಾರ ಆಯಿ. ನೀ ಚಾ ಕುಡಿ.”

“ಚಾ ಕೊಟ್ಟು ಬಾಯಿ ಮುಚ್ಚಸ್ತಾನ ನೋಡ!” ಎಂದು ಮುದುಕಿ ನಕ್ಕಳು.

ಅವಸರ ಅವನ ಸ್ವಭಾವವಲ್ಲ. ಅದೇ ಪುಸ್ತಕದ ಕೊನೆಯ ಖಾಲಿ ಹಾಳೆಯನ್ನು ಬಿಡಿಸಿಕೊಂಡ; ಕಾಗದಕ್ಕೆ ಅದೇ ವಯಸ್ಸು, ಅದೇ ಹಳದಿ. ಶಾಯಿಗೆ ಚಹಾದ ಡಿಕಾಕ್ಷನ್ ಬೆರೆಸಿದ. ಪಾದ್ರಿಯ ಬಾಲ ಎಳೆದ ‘ರ’ಕಾರವನ್ನು ಒಂದು ತಿಂಗಳು ತಿದ್ದಿದ. ಊರಿನ ಮುಂದೆ ಕರ್ನಾಟಕ ಎಂದು ಬರೆಯುವ ದಡ್ಡತನ ಮಾಡಲಿಲ್ಲ. ಅಂದಿನಂತೆ ಮೈಸೂರು ರಾಜ್ಯ ಎಂದೇ ಬರೆದ. ಆರು ಹೆಸರುಗಳನ್ನು ಇದ್ದ ಹಾಗೇ ಇಳಿಸಿದ. ದುರಾಸೆ ಇಲ್ಲದ ಮನುಷ್ಯ, ಒಂದೇ ಹೆಸರು ಬದಲಿಸಿದ. ಹಣಮಂತ ಇದ್ದಲ್ಲಿ ಯಾಕೋಬ.

ಹೊಸ ಹಾಳೆಯನ್ನು ಮೊದಲ ಪುಟದ ಜಾಗಕ್ಕೆ ಅಂಟಿಸಿ, ಮೂಲ ಪುಟವನ್ನು ಚೂರುಚೂರು ಮಾಡಿ, ವಿಲೆ ಪಾರ್ಲೆಯ ಕೆಲಸದಿಂದ ಬರುವಾಗ, ಬಾಂದ್ರಾ ದಾಟಿದ ಲೋಕಲ್ ರೈಲಿನ ಬಾಗಿಲಿಂದ ಮಾಹಿಮ್ ಖಾರಿಯ ನೀರಿಗೆ ಬಿಟ್ಟ. ಪೂಜೆಯ ಬಾಡಿದ ಹೂ ಎಸೆಯುವವರ ನಡುವೆ ಯಾರೂ ತಿರುಗಿ ನೋಡಲಿಲ್ಲ. ಹಣಮಂತ ಒಮ್ಮೆ ಮುಳುಗಿದ್ದ ನೀರೇ ಅಲ್ಲವೇ ಎಂದುಕೊಂಡು ಒಂದು ಸಣ್ಣ ಪ್ರಾರ್ಥನೆಯನ್ನೂ ಮಾಡಿದ.

ಹಬ್ಬದ ಭಾನುವಾರ ಬೆಂಗಳೂರಿಂದ ಹೊಸದಾಗಿ ಬಂದಿದ್ದ ಪಾಸ್ಟರ್ ಆ ಪುಟವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. “ಮೊದಲನೆಯವರು, ಯಾಕೋಬ.” ಚಪ್ಪಾಳೆ ಬಿತ್ತು. ದೇವದಾನನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೋಣೆಯ ಕಿಟಕಿ ಯಾವ ಕಡೆಗಿರಬೇಕೆಂದು ಅವನು ಮನಸ್ಸಿನಲ್ಲೇ ನಿರ್ಧರಿಸುತ್ತಿದ್ದ.

“ಹಂಗ ಹ್ಯಾಂಗ ಬರದಾರ?” ಮಾರ್ತಮ್ಮ ಕೋಲೂರಿ ಎದ್ದಳು. “ಆ ಪುಸ್ತಕದಾಗ ಪಾದ್ರಿ ನೀರಿಗಿಳಿಯೋಕಿಂತ ಮೊದಲಿನ ಹಳೇ ಹೆಸರಷ್ಟೇ ಬರೀತಿದ್ರು. ಎದ್ದ ಹೆಸರು ಬಾಯಾಗ, ಮುಳುಗಿದ್ದು ಪುಸ್ತಕದಾಗ. ಮುಳುಗಿದ ಹೆಸರು ಮತ್ತ ಕರೀಬಾರದಂತಿದ್ರು, ಅದಕ್ಕ ಸುಮ್ಮನಿದ್ದೆ. ನಾ ರುಕ್ಮಿಣಿಬಾಯಿ ಅಂತ ಇಳದೆ, ಮಾರ್ತಾ ಅಂತ ಎದ್ದೆ.” ಪಾಸ್ಟರ್ ಕನ್ನಡಕ ಸರಿಮಾಡಿಕೊಂಡು ಪುಟದ ಮೇಲೆ ಮತ್ತೆ ಬಾಗಿದರು. ಮುದುಕಿ ಮಬ್ಬುಗಣ್ಣಿಂದ ದೇವದಾನನನ್ನು ಹುಡುಕಿ, ಮಮತೆಯಿಂದಲೇ ಕೇಳಿದಳು: “ನನಗಿಂತ ಮೊದಲ ಇಳದಾವ ನಿಮ್ಮಪ್ಪನೇ ಹೌದು ತಮ್ಮಾ, ಕೋಣಿ ನಿಂದೇ. ಆದ್ರ ಅವತ್ತ ಅವನ ಹೆಸರು ಹಣಮಂತ ಇತ್ತಲ್ಲ, ಅದೆಲ್ಲಿ ಹೋಯ್ತು?”