ಬಿಸಿಲ ಕ್ರೀಮಿನ ಹೊಸ ಡಬ್ಬಿ

ಕ್ರೀಮಿನ ಲೇಬಲ್ ಮೇಲೆ ಅಕ್ಕನ ಮುಖವೇ ಬರುತ್ತದೆ ಎಂದು ತೀರ್ಮಾನವಾದ ದಿನ ಕಿರಿಯಾಕೆ ಪಾರ್ಲರಿನಲ್ಲಿ ಕೆಲಸದಲ್ಲಿದ್ದಳು. ಗಿರಾಕಿಯೊಬ್ಬಳ ಕಾಲಿಗೆ ವ್ಯಾಕ್ಸ್ ಹಚ್ಚುತ್ತಿದ್ದಳು. ಪಟ್ಟಿಯನ್ನು ಎಂದಿಗಿಂತ ಜೋರಾಗಿ ಎಳೆದಳು. ಆ ಹೆಂಗಸು ಅಮ್ಮಾ ಎಂದು ಚೀರಿದಳು. ಕಿರಿಯಾಕೆಯ ಸಿಟ್ಟು ಹೊರಗೆ ಕಂಡದ್ದು ಅಷ್ಟೇ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಇಬ್ಬರೂ ಒಂದೇ ಮನೆಗೆ ಬಂದವರು. ಮನೆಯ ಕೆಳಗಿದ್ದ ಬ್ಯೂಟಿ ಪಾರ್ಲರ್ ಇಬ್ಬರದೂ ಎಂದು ನೆಂಟರ ಮುಂದೆ ಹೇಳಿಕೊಳ್ಳುವುದಿತ್ತು. ಆದರೆ ಬೋರ್ಡಿನಲ್ಲಿದ್ದದ್ದು ಅಕ್ಕನ ಹೆಸರು, ತಿರುಗುವ ಕುರ್ಚಿಯಲ್ಲಿ ಕೂರುತ್ತಿದ್ದದ್ದು ಅಕ್ಕ. ಸೊಂಟ ಬಗ್ಗಿಸಿ ಊರವರ ಹುಬ್ಬು, ಮೀಸೆ, ಹಿಮ್ಮಡಿ ನೋಡಿಕೊಳ್ಳುತ್ತಿದ್ದವಳು ಇವಳು. ಗಿರಾಕಿಗಳು ಅಕ್ಕನನ್ನು ಮೇಡಂ ಎನ್ನುತ್ತಿದ್ದರು. ಇವಳಿಗೆ ಅವರ ಬಾಯಲ್ಲಿ ಹೆಸರೇ ಇರಲಿಲ್ಲ. "ಮೆತ್ತನೆ ಕೈಯವರು ಇದಾರಾ?" ಎಂದು ಕೇಳಿಕೊಂಡು ಬರುತ್ತಿದ್ದರು.

ಆ ಕ್ರೀಮು ಇವಳದು. ಹಿಂದಿನ ಕೋಣೆಯ ಸಣ್ಣ ಒಲೆಯ ಮೇಲೆ ಜೇನುಮೇಣ ಕರಗಿಸಿ, ಎಣ್ಣೆ ಬೆರೆಸಿ, ಒಡೆದುಹೋದರೆ ಚೆಲ್ಲಿ, ಮತ್ತೆ ಕುದಿಸಿ, ವರ್ಷಗಟ್ಟಲೆ ಒದ್ದಾಡಿ ಹದ ಹಿಡಿದವಳು ಇವಳು. ಹಚ್ಚಿದರೆ ಜಿಡ್ಡಿಲ್ಲ, ಸಂಜೆಯವರೆಗೂ ಮುಖ ಒಣಗುವುದಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಒಂದು ಕಂಪನಿಯವರೇ ಹುಡುಕಿಕೊಂಡು ಬಂದರು. ಅವರು ಬಂದಾಗ ತಿರುಗುವ ಕುರ್ಚಿಯಲ್ಲಿ ಇದ್ದವಳು ಮಾತಾಡಿದಳು. ಹೊಗೆಯಲ್ಲಿ ಕೆಮ್ಮುತ್ತಿದ್ದವಳು ಅವರಿಗೆ ಟೀ ತಂದುಕೊಟ್ಟಳು.

ಅವರು ಹೋದ ಮೇಲೆ ಒಂದೇ ಒಂದು ಸಲ ಕೇಳಿದ್ದಳು. "ಅಕ್ಕಾ, ಕ್ರೀಮು ಮಾಡಿದ್ದು ನಾನು ಅಂತ ಒಂದು ಮಾತು ಅವರಿಗೆ ಹೇಳಬಹುದಿತ್ತು."

ಅಕ್ಕ ಕನ್ನಡಿಯಲ್ಲಿ ತನ್ನ ಗಲ್ಲ ನೋಡಿಕೊಳ್ಳುತ್ತಲೇ ನಕ್ಕಳು. "ಅಯ್ಯೋ ಪೆದ್ದೀ, ಡಬ್ಬಿ ಮೇಲೆ ಮುಖ ಹಾಕ್ತಾರೆ, ಯಾರಾದ್ರೂ ಕೈ ಹಾಕ್ತಾರಾ? ನಿನಗೇನು ಕಮ್ಮಿ ಮಾಡಿದೀನಿ ಈಗ?"

ಕಮ್ಮಿ ಮಾಡಿದ್ದು ಏನೆಂದು ಹೇಳಲು ಹೊರಟರೆ ಆ ದಿನ ಸಾಲುತ್ತಿರಲಿಲ್ಲ. ಟೀ ಲೋಟ ತೊಳೆಯಲು ಹೋದಳು.

ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಎರಡನೇ ಸಲ ಬಂದಾಗ ಕಂಪನಿಯ ಹೆಂಗಸು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಇವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ನಿಮ್ಮದೂ ಒಳ್ಳೆ ಚರ್ಮಾನೇ ಕಣ್ರೀ. ಮೇಡಂ ಇಲ್ದೇ ಇದ್ದಿದ್ರೆ ನಿಮ್ಮನ್ನೇ ನಿಲ್ಲಿಸಿಬಿಡ್ತಿದ್ವಿ" ಅಂದಳು. ಸುಮ್ಮನೆ ಬಾಯಿಗೆ ಬಂದ ಮಾತು. ಆಡಿದವಳು ಬೀದಿ ದಾಟುವಷ್ಟರಲ್ಲಿ ಮರೆತಿರಬೇಕು. ಕೇಳಿಸಿಕೊಂಡವಳು ಮರೆಯಲಿಲ್ಲ. ಹುಬ್ಬಿಗೆ ದಾರ ಹಾಕುವಾಗ, ಅನ್ನಕ್ಕೆ ನೀರಿಡುವಾಗ, ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಮೇಡಂ ಇಲ್ದೇ ಇದ್ದಿದ್ರೆ.

ಅಕ್ಕ ಸಾಯುವುದು ಬೇಕಿರಲಿಲ್ಲ. ಅವಳೇನು ಕೊಲೆಗಡುಕಿಯಲ್ಲ. ಅಕ್ಕನ ಮುಖ ಒಂದೇ ಒಂದು ದಿನ ಕ್ಯಾಮೆರಾದ ಮುಂದೆ ನಿಲ್ಲುವಂತಿರಬಾರದು, ಅಷ್ಟೇ.

ಆ ದಿನ ನಿಗದಿಯಾಗಿತ್ತು. ಮಾಳಿಗೆಯ ಮೇಲೆ ಒಳ್ಳೆ ಬಿಸಿಲಿನಲ್ಲಿ ಶೂಟಿಂಗು. ಅಕ್ಕ ತಾನು ದಿನಾ ಬಳಸುವ ಅಚ್ಚುಮೆಚ್ಚಿನ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತಾ ಹಚ್ಚಿಕೊಂಡು, ಕೊನೆಯಲ್ಲಿ ಹೊಸ ಕ್ರೀಮಿನ ಡಬ್ಬಿ ಹಿಡಿದು ನಗಬೇಕು. ಆ ನಗುವೇ ಲೇಬಲ್ಲಿಗೆ ಹೋಗುವುದು. ಅಚ್ಚಿನವನು ಕಾಯುತ್ತಿದ್ದ, ಕ್ಯಾಮೆರಾದವನಿಗೆ ಬೇರೆ ದಿನ ಇರಲಿಲ್ಲ. ಒಂದು ಮುಖ ಕೆಟ್ಟರೆ ಪಕ್ಕದಲ್ಲಿ ನಿಂತ ಇನ್ನೊಂದು ಮುಖವನ್ನು ಎಳೆದು ನಿಲ್ಲಿಸದೆ ಅವರಿಗೆ ಗತಿಯಿರಲಿಲ್ಲ.

ಉಪಾಯ ಹೊಳೆದದ್ದು ಹಳೆಯ ಕಪಾಟು ಗುಡಿಸುವಾಗ. ಮೂಲೆಯಲ್ಲಿ ಹಿಂದಿನ ಕಾಲದ ಕೂದಲ ಬಣ್ಣದ ಒಂದು ಸೀಸೆ ಉಳಿದಿತ್ತು. ಈಗ ಅದನ್ನು ಯಾರೂ ಮಾರುವುದಿಲ್ಲ, ಕಾರಣ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೋಡಲು ನೀರಿನ ಹಾಗೆ, ಹಚ್ಚಿದಾಗ ಬಣ್ಣವಿಲ್ಲ, ಉರಿಯಿಲ್ಲ. ಬಿಸಿಲು ತಗುಲಿ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಕಪ್ಪಾಗುತ್ತದೆ. ಕೂದಲಿಗೆ ತಗುಲಿದರೆ ಚೆಂದ. ಚರ್ಮಕ್ಕೆ ತಗುಲಿದರೆ ಸೋಪು, ನಿಂಬೆಹಣ್ಣು, ಸೀಮೆಎಣ್ಣೆ ಏನೂ ನಡೆಯುವುದಿಲ್ಲ. ಹಣೆಯ ಮೇಲೆ ಆ ಕಲೆ ಹೊತ್ತ ಒಬ್ಬ ಟೀಚರು ತಿಂಗಳುಗಟ್ಟಲೆ ಸೆರಗು ಎಳೆದುಕೊಂಡು ಸ್ಕೂಲಿಗೆ ಹೋಗಿದ್ದಳು.

ಇನ್ನು ಅದನ್ನು ಯಾವುದರಲ್ಲಿ ಬೆರೆಸುವುದು? ಅಕ್ಕನ ಶೆಲ್ಫಿನ ಮುಂದೆ ನಿಂತು ಲೆಕ್ಕ ಹಾಕಿದಳು. ಫೇಸ್‌ವಾಶ್ ಆಗದು, ತೊಳೆದುಹೋಗುತ್ತದೆ. ರೋಸ್ ವಾಟರನ್ನು ಅಕ್ಕ ಹತ್ತಿಗೆ ಅದ್ದಿ ಒರೆಸುತ್ತಾಳೆ, ಹತ್ತಿ ಮೊದಲೇ ಕಪ್ಪಾದರೆ ಗುಟ್ಟು ಬಯಲು. ತುಟಿಗೆ ಹಚ್ಚುವ ಬಾಮು ಕಡ್ಡಿಯಷ್ಟು. ರಾತ್ರಿ ಕ್ರೀಮು ರಾತ್ರಿಯದು. ಉಳಿದದ್ದು ಸನ್‌ಸ್ಕ್ರೀನು. ಅದನ್ನು ಬಿಟ್ಟು ಅಕ್ಕ ಹಾಲು ತರಲೂ ಬೀದಿಗೆ ಇಳಿಯುವವಳಲ್ಲ. ದಪ್ಪ, ಬಿಳಿ, ಅಗಲ ಬಾಯಿಯ ಡಬ್ಬಿ. ಬಿಸಿಲಿಗೆ ಹೋಗುವ ಮುಂಚೆ ಹಣೆಯಿಂದ ಕುತ್ತಿಗೆಯವರೆಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಳ್ಳುತ್ತಾಳೆ. ಬಿಸಿಲಿನಿಂದ ಕಾಯುವ ಕ್ರೀಮೇ ಬಿಸಿಲಿನಲ್ಲಿ ಮಸಿ ಬಳಿಯಲಿ. ಯೋಚನೆ ಬಂದಾಗ ಅವಳಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು.

ಬಳಸುತ್ತಿರುವ ಡಬ್ಬಿಯಲ್ಲಿ ಬೆರೆಸಿದರೆ ಮಾತ್ರ ಸಿಕ್ಕಿಬೀಳುವುದು ಖಂಡಿತ. ಪಾರ್ಲರಿನಲ್ಲಿ ಡಬ್ಬಿ ಮುಟ್ಟುವವರು ಇಬ್ಬರೇ. ಅದಕ್ಕೇ ಹೊಸ ಡಬ್ಬಿಯೇ ಆಗಬೇಕು, ಬಾಯಿಗೆ ಬೆಳ್ಳಿ ಹಾಳೆ ಅಂಟಿದ, ಯಾರೂ ತೆರೆಯದ ಡಬ್ಬಿ. ಅಕ್ಕನೇ ಎಲ್ಲರ ಕಣ್ಣೆದುರು ಹಾಳೆ ಕಿತ್ತು ತೆಗೆದರೆ, ಆಮೇಲೆ ಆದದ್ದಕ್ಕೆಲ್ಲ ಸನ್‌ಸ್ಕ್ರೀನು ತಯಾರಿಸಿದವರು ಹೊಣೆ. ಕಂಪನಿಯ ಹೆಂಗಸೇ ಸಾಕ್ಷಿ.

ಹಾಳೆ ಬಿಡಿಸಿ ಮತ್ತೆ ಅಂಟಿಸುವುದು ಹೊರಗಿನವರಿಗೆ ಕಷ್ಟ. ಅವಳಿಗೆ ಅದು ದಿನದ ಕೆಲಸ. ದುಬಾರಿ ಕ್ರೀಮಿನ ಖಾಲಿ ಡಬ್ಬಿಗಳಿಗೆ ಅಗ್ಗದ ಮಾಲು ತುಂಬಿ, ಹೊಸ ಹಾಳೆಯಿಟ್ಟು, ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಒತ್ತಿ, ಅಸಲಿ ಎಂದು ಗಿರಾಕಿಗಳಿಗೆ ಮಾರುವುದನ್ನು ಕಲಿಸಿದವಳು ಅಕ್ಕನೇ. "ಹಾಳೆ ಚರ್ ಅಂತ ಕಿತ್ಕೊಂಡು ಬಂದ್ರೆ ಮುಗೀತು, ಒಳಗೆ ಸಗಣಿ ಇಟ್ರೂ ಹಚ್ಕೋತಾರೆ" ಎನ್ನುತ್ತಿದ್ದಳು. ಇಷ್ಟು ವರ್ಷ ಅಕ್ಕನಿಗಾಗಿ ಒತ್ತಿದ ಇಸ್ತ್ರಿಯನ್ನು ಒಂದು ಸಲ ತನಗಾಗಿ ಒತ್ತಿದರೆ ಯಾವ ಪಾಪ?

ಮೊದಲು ಹಳೆಯ ಡಬ್ಬಿ ಖಾಲಿಯಾಗಬೇಕಿತ್ತು. ದಿನಾ ಒಂದಿಷ್ಟು ತೋಡಿ ಬಚ್ಚಲಿಗೆ ಹಾಕಿದಳು. ಅಕ್ಕನೇ ತಳ ಕೆರೆದು, "ಅಯ್ಯೋ, ಇದು ಮುಗಿದೇ ಹೋಯ್ತಲ್ಲೇ, ಒಳಗಿಂದ ಹೊಸದು ತೆಗೆದಿಡು, ಶೂಟಿಂಗ್ ದಿನ ಬೇಕು" ಎಂದಾಗ ಅವಳಿಗೆ ತನ್ನ ಮೇಲೆ ತನಗೇ ಗೌರವ ಬಂತು.

ಅಕ್ಕ ಊಟ ಮಾಡಿ ಒರಗಿದ್ದ ಮಧ್ಯಾಹ್ನ ಷಟರ್ ಅರ್ಧ ಎಳೆದು ಹಿಂದಿನ ಕೋಣೆಗೆ ಹೋದಳು. ಕೈಗೆ ಎರಡು ಜೊತೆ ಗ್ಲೌಸು. ಹಾಳೆಯನ್ನು ಬಿಸಿ ಮಾಡಿ ಅಂಚಿನಿಂದ ಎಬ್ಬಿಸಿದಳು. ಸೀಸೆಯಲ್ಲಿದ್ದದ್ದನ್ನು ಬಗ್ಗಿಸಿ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕಲಸಿದಳು. ಬಿಳಿ ಬಿಳಿಯಾಗಿಯೇ ಉಳಿಯಿತು. ಮೇಲ್ಭಾಗವನ್ನು ಕಾರ್ಖಾನೆಯವರ ಹಾಗೆ ನುಣ್ಣಗೆ ಸವರಿ, ಹೊಸ ಹಾಳೆ ಒತ್ತಿದಳು. ಮೂಸಿ ನೋಡಿದಳು, ಎಂದಿನ ವಾಸನೆಯೇ. ಸೀಸೆ, ಗ್ಲೌಸು, ಕಡ್ಡಿ ಎಲ್ಲ ವ್ಯಾಕ್ಸಿಂಗಿನ ಕಸದ ಒಳಗೆ ಸೇರಿ ಕಸದ ಗಾಡಿ ಹತ್ತಿದವು. ಅಷ್ಟು ಕೂದಲು, ಅಂಟು ಕೆದಕಿ ನೋಡುವ ಪೊಲೀಸ ಇನ್ನೂ ಹುಟ್ಟಿರಲಿಲ್ಲ.

ಆಮೇಲೆ ತನ್ನ ಮುಖದ ಕಡೆಗೆ ತಿರುಗಿದಳು. ಊರಿನ ಮುಖಗಳನ್ನೆಲ್ಲ ತಿಕ್ಕಿದ ಆ ಮೆತ್ತನೆ ಕೈ ತನ್ನ ಮುಖವನ್ನು ಯಾವತ್ತೂ ಅಷ್ಟು ಅಕ್ಕರೆಯಿಂದ ಮುಟ್ಟಿರಲಿಲ್ಲ. ಬೇಗ ಮಲಗಿದಳು, ಒಲೆಯ ಹತ್ತಿರ ಸುಳಿಯಲಿಲ್ಲ, ತನ್ನದೇ ಕ್ರೀಮನ್ನು ದಿನಾ ಎರಡು ಹೊತ್ತು ಹಚ್ಚಿದಳು. ಗಂಡ ಕೂಡ ಗಮನಿಸಿದ. "ಏನೇ ಇದು, ಮುಖ ಮಿರಮಿರ ಅಂತಿದೆ, ಯಾರದ್ದಾದ್ರೂ ಮದುವೆನಾ?" ಎಂದ. "ಹೂಂ, ನಂದೇ" ಎಂದಳು.

ಶೂಟಿಂಗಿನ ದಿನ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಅವಳು ತಿಳಿಹಸಿರು ಸೀರೆ ಉಟ್ಟಿದ್ದಳು. ಕ್ಯಾಮೆರಾಗೆ ಒಗ್ಗುವ ಬಣ್ಣ. ಆದರೆ ಕೇಳಿದರೆ ಕೈಗೆ ಸಿಕ್ಕಿದ್ದನ್ನು ಉಟ್ಟೆ ಎನ್ನಬಹುದು. ಮುಖ ತೊಳೆದು ಬರಿದಾಗಿ ಬಿಟ್ಟುಕೊಂಡಿದ್ದಳು, ಕರೆದ ಕೂಡಲೇ ನಿಲ್ಲಲು ಅನುಕೂಲವಾಗಲಿ ಎಂದು. ಅಕ್ಕ ಚೀರಿದಾಗ ಏನು ಮಾಡಬೇಕೆಂಬುದೂ ತೀರ್ಮಾನವಾಗಿತ್ತು. ಮೊದಲು ಓಡಿಹೋಗಿ ಅಪ್ಪಿಕೊಳ್ಳುವುದು, ನೀರು ತರುವುದು, ಆ ಸನ್‌ಸ್ಕ್ರೀನಿನವರಿಗೆ ಶಾಪ ಹಾಕುವುದು. ಕಂಪನಿಯ ಹೆಂಗಸು ಕರೆದಾಗ ಎರಡು ಸಲ ಬೇಡ ಎನ್ನುವುದು. ಮೂರನೆಯ ಸಲಕ್ಕೆ ಅಕ್ಕನ ಮಾನ ಉಳಿಸಲೆಂದು ಒಪ್ಪುವುದು.

ಮಾಳಿಗೆಯ ಮೇಲೆ ಕ್ಯಾಮೆರಾದವನು ಕಾಲೂರಿದ. ಕಂಪನಿಯ ಹೆಂಗಸು ಕೊಡೆಯ ನೆರಳಿನಲ್ಲಿ ಕೂತಳು. ಅಕ್ಕ ಮೆಟ್ಟಿಲ ಬಾಗಿಲ ಹತ್ತಿರ ನೆರಳಿನಲ್ಲಿದ್ದ ಮೇಜಿನ ಮೇಲೆ ತನ್ನ ಸಾಮಾನುಗಳನ್ನು ಸಾಲಾಗಿ ಜೋಡಿಸಿ, ಮುಖ ತೊಳೆದಳು, ರೋಸ್ ವಾಟರಿನಿಂದ ಒರೆಸಿಕೊಂಡಳು. "ನನ್ನ ಚರ್ಮದ ಗುಟ್ಟೇನೂ ಇಲ್ಲಪ್ಪ, ದಿನಾ ಇಷ್ಟೇ" ಎಂದು ಕ್ಯಾಮೆರಾಗೆ ಹೇಳಿದಳು. ಆಮೇಲೆ ಹೊಸ ಡಬ್ಬಿ ಕೈಗೆತ್ತಿಕೊಂಡು ಮುಚ್ಚಳ ತಿರುಗಿಸಿ ಹಾಳೆ ಎಳೆದಳು. ಚರ್ ಎಂದಿತು. ಅಷ್ಟು ಇಂಪಾದ ಸದ್ದನ್ನು ಕಿರಿಯಾಕೆ ಜನ್ಮದಲ್ಲಿ ಕೇಳಿರಲಿಲ್ಲ.

ಅಕ್ಕ ಎರಡು ಬೆರಳು ತುಂಬ ಕ್ರೀಮು ತೋಡಿದಳು. "ಸ್ವಲ್ಪ ನಿಲ್ಸಪ್ಪಾ" ಎಂದು ಕ್ಯಾಮೆರಾದವನಿಗೆ ಕೈ ತೋರಿಸಿ, ತಿರುಗಿ ನೋಡದೆಯೇ, "ಬಾರೇ ಇಲ್ಲಿ" ಎಂದಳು. ಕಿರಿಯಾಕೆಯ ಕಾಲುಗಳು ಹೋದವು. ಯಾಕೆ ಕರೆದಳೆಂದು ತಲೆಗೆ ಗೊತ್ತಾಗುವ ಮುಂಚೆಯೇ ಹೋದವು, ಗಲ್ಲ ತಾನಾಗಿ ಮೇಲೆದ್ದಿತು. ತಣ್ಣನೆಯ ಎರಡು ಬೆರಳು ಬಲಗೆನ್ನೆಯಿಂದ ಮೂಗಿನ ಮೇಲೆ ಹಾದು ಎಡಗೆನ್ನೆಗೆ ಸವರಿಕೊಂಡು ಹೋದವು. "ಏನ್ ಮೇಡಂ ಅದು?" ಎಂದಳು ಕಂಪನಿಯ ಹೆಂಗಸು. "ಹೊಸ ಡಬ್ಬಿ ಯಾವತ್ತೂ ಮೊದಲು ಇವಳ ಮುಖಕ್ಕೇ ಕಣ್ರೀ" ಎಂದು ಅಕ್ಕ ನಕ್ಕಳು. "ಅಂಗಡಿ ಶುರುವಾದಾಗಿಂದ ಹಂಗೇ. ಹಾಳೆ ಇದೆ ಅಂತ ನಂಬೋಕಾಗುತ್ತಾ? ಒಳಗೆ ಯಾವ ಪುಣ್ಯಾತ್ಮರು ಏನು ತುಂಬಿರ್ತಾರೋ! ಇವಳಿಗೆ ಏನೂ ಆಗ್ಲಿಲ್ಲ ಅಂದ್ರೆ ಆಮೇಲೆ ನಾನು." ಹೌದು, ಯಾವತ್ತೂ ಹಾಗೇ ಇತ್ತು. ಇಷ್ಟು ವರ್ಷ, ಪ್ರತಿ ಹೊಸ ಡಬ್ಬಿಗೂ. ದಿನಾ ಕಸ ಗುಡಿಸಿದ್ದನ್ನು ಯಾರು ನೆನಪಿಡುತ್ತಾರೆ, ಅದೇ ಥರ ಅವಳು ಇದನ್ನೂ ನೆನಪಿಟ್ಟಿರಲಿಲ್ಲ. ಒರೆಸಿಕೊಂಡರೆ ಯಾಕೆ ಒರೆಸಿಕೊಂಡೆ ಎನ್ನುತ್ತಾರೆ. ಮೆಟ್ಟಿಲಿಳಿದು ಓಡಿದರೆ ಯಾಕೆ ಓಡಿದೆ ಎನ್ನುತ್ತಾರೆ. ಇಷ್ಟು ದಿನ ಒಂದು ಸಲವೂ ಬೇಡ ಎನ್ನದವಳು ಇವತ್ತೇ ಯಾಕೆ ಎನ್ನುತ್ತಾರೆ. ಅಕ್ಕ ಅವಳ ಗಲ್ಲ ಹಿಡಿದು ಎಂದೂ ಇಲ್ಲದ ಪ್ರೀತಿಯಿಂದ ನೋಡಿದಳು. "ಅಬ್ಬಾ, ಇವತ್ತು ಎಷ್ಟು ಚೆನ್ನಾಗಿ ಕಾಣ್ತಿದೀಯೇ! ಬಾ, ಈ ಕಡೆ ಬೆಳಕಿಗೆ ನಿಲ್ಲು. ಇವರೆಲ್ಲಾ ಟೀ ಕುಡೀಲಿ, ಅಲ್ಲೀವರೆಗೂ ಅಲ್ಲಾಡಬೇಡ" ಎಂದು ಕೈ ಹಿಡಿದು ನಡುಬಿಸಿಲಿಗೆ ಕರೆದುಕೊಂಡು ಹೋದಳು.