ಸುಡದೆ ಉಳಿದ ಅಂಗುಳ

ಮುದುಕಿಯ ಬಾಯಿಯನ್ನು ಯಾರೋ ಸುಟ್ಟಿದ್ದರು. ಬಾಯಿ ಮುಕ್ಕಳಿಸುವ ನೀರಿಗೆ ಬಚ್ಚಲು ತೊಳೆಯುವ ದ್ರಾವಣ ಬೆರೆಸಿದ್ದರೆಂದು ವೈದ್ಯರು ಹೇಳಿದರು. ನಾಲಿಗೆ ಊದಿ ಮಾತು ನಿಂತುಹೋಗಿತ್ತು. ಯಾರು ಮಾಡಿದ್ದು ಬರೆದು ತೋರಿಸಿ ಎಂದು ಕಾಗದ ಕೊಟ್ಟರೆ ಆಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಾಯಿಲೆಗಳಿಗೆಲ್ಲ ಸಂಕೇತಸಂಖ್ಯೆ ಹಾಕುವ ಕೋಣೆಯಿತ್ತು. ಅಲ್ಲಿನ ಸಹಾಯಕಿ ಈ ಕಡತವನ್ನು ಬಾಯಿಹುಣ್ಣಿನ ಗುಂಪಿಗೆ ತಳ್ಳಿ ಕೈತೊಳೆದುಕೊಳ್ಳುವವಳಿದ್ದಳು. ಮುಖ್ಯಸ್ಥೆ ಬಿಟ್ಟರೆ ತಾನೇ! ಆಕೆ ಒಂದು ಕಾಲಕ್ಕೆ ಹಲ್ಲಿನ ಡಾಕ್ಟರು. ಕೈನಡುಕ ಶುರುವಾದ ಮೇಲೆ ಈ ಕೋಣೆಗೆ ಬಂದವಳು. ಕೈ ನಡುಗಿದರೂ ಮೂಗು ಚುರುಕು. ಆಸ್ಪತ್ರೆಯಲ್ಲಿ ಏನು ಎಡವಟ್ಟಾದರೂ ಜನ ಮೊದಲು ಹುಡುಕಿಕೊಂಡು ಬರುವುದು ಈ ಮೇಡಂ ಅವರನ್ನೇ.

"ತಾನಾಗಿ ಎದ್ದ ಹುಣ್ಣಿಗೆ ಒಂದು ಸಂಖ್ಯೆ, ಔಷಧಿಯಿಂದ ಎದ್ದಿದ್ದಕ್ಕೆ ಇನ್ನೊಂದು. ಇದು ಸುಟ್ಟ ಗಾಯ ಕಣೇ. ಆಕಸ್ಮಿಕವೋ, ತಾನೇ ಮಾಡ್ಕೊಂಡಿದ್ದೋ, ಬೇರೆಯವರು ಮಾಡಿದ್ದೋ, ಅದಕ್ಕೂ ಸಂಖ್ಯೆ ಹಾಕ್ಬೇಕು. ಏನು ಹಾಕ್ತೀಯ?"

"ಮನೇಲಿ ನೋಡ್ಕೊಳ್ಳೋ ಆಯಾನೇ ಮಾಡಿದ್ದು ಅಂತಿದಾರಲ್ಲ ಮೇಡಂ."

"ಯಾರು ಅಂತಿರೋದು?"

"ಮಗ. ಪೊಲೀಸರಿಗೂ ಫೋನ್ ಮಾಡಿದಾರೆ."

"ಹಾಗಾದ್ರೆ ಬೇಗ ನಡಿ."

ವಾರ್ಡಿನ ಬಾಗಿಲಲ್ಲಿ ಆಯಾ ಚೀಲವೊಂದನ್ನು ಎದೆಗವಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಚೀಲ ತೆರೆ ಎಂದರೆ ಸುತರಾಂ ಒಪ್ಪಿರಲಿಲ್ಲ. ಅದರಿಂದಲೇ ಎಲ್ಲರ ಅನುಮಾನವೂ ಅವಳ ಮೇಲೆ ಗಟ್ಟಿಯಾಗಿತ್ತು. ಜೈಲಿಗೆ ಹೋಗುವುದೊಂದೇ ಬಾಕಿ.

ಪರದೆ ಎಳೆದು ಮೇಡಂ ಮುದುಕಿಯ ಬಾಯಿಗೆ ಟಾರ್ಚ್ ಹಿಡಿದರು. ಕೆನ್ನೆಯ ಒಳಮೈ, ನಾಲಿಗೆ, ತುಟಿ, ಎಲ್ಲ ಬೆಳ್ಳಗೆ ಸುಲಿದಿತ್ತು. ಮೇಲಿನ ಒಸಡು, ಅಂಗುಳ ಮಾತ್ರ ಗೆರೆ ಕೊರೆದಂಥ ಅಂಚಿನೊಳಗೆ ನಸುಗೆಂಪಾಗಿ ಚೆನ್ನಾಗಿದ್ದವು. ಹೊದಿಕೆ ಸರಿದಾಗ ತೋಳಿನ ಮೇಲೆ ಹಸಿರುಗಟ್ಟಿದ ಹಳೆಯ ಪೆಟ್ಟಿನ ಗುರುತುಗಳೂ ಕಂಡವು.

ಹೊರಬಂದ ಮೇಡಂ ಆಯಾ, ಮಗಳು, ಮಗ ಮೂವರನ್ನೂ ಒಬ್ಬೊಬ್ಬರಾಗಿ ಕರೆದು ಒಂದೇ ಪ್ರಶ್ನೆ ಕೇಳಿದರು: "ಅಮ್ಮ ಬಾಯಿ ಮುಕ್ಕಳಿಸೋದು ಹೇಗೆ?"

"ಹೇಳಲ್ಲ. ಅಮ್ಮಂಗೆ ಆಣೆ ಇಟ್ಟಿದೀನಿ," ಎಂದಳು ಆಯಾ.

ಹಿಂದಿನ ದಿನವಷ್ಟೇ ಪರಊರಿಂದ ಬಂದಿದ್ದ ಮಗಳು ಕಣ್ಣೊರೆಸಿಕೊಂಡಳು. "ಬೇರೆಯವರು ನೋಡ್ದಿರೋ ಹಾಗೆ ಬಾಗಿಲು ಹಾಕ್ಕೊಂಡು. ಅಮ್ಮಂಗೆ ಸಂಕೋಚ ಜಾಸ್ತಿ."

ಮಗ ಸಿಡುಕಿದ. "ಎಲ್ಲರ ಹಾಗೇ! ಈ ವಯಸ್ಸಲ್ಲೂ ಅಮ್ಮನ ಒಂದು ಹಲ್ಲೂ ಅಲ್ಲಾಡಿಲ್ಲ, ಗೊತ್ತಾ? ಅಂಥ ಬಾಯಿ ಸುಟ್ಟಿದಾಳೆ ಆ ಪಾಪಿ."

ಪೊಲೀಸಿನವರು ಬಂದರು. ಮೇಡಂ ಎಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿ, "ಆಣೆ ಮುರಿದ ಪಾಪ ನನಗಿರಲಿ," ಎನ್ನುತ್ತ ಆಯಾಳ ಚೀಲಕ್ಕೆ ಕೈಹಾಕಿದರು. ಒದ್ದೆ ಬಟ್ಟೆಯ ಗಂಟು ಬಿಚ್ಚಿ, ಮೇಲ್ದವಡೆಯ ಇಡೀ ಹಲ್ಲಿನ ಸೆಟ್ಟನ್ನು ಬಿಳಿ ಹೊದಿಕೆಯ ಮೇಲಿಟ್ಟರು. ಮಗ ಬಾಯಿ ಬಿಟ್ಟುಕೊಂಡು ನೋಡಿದ.

"ಬಾಯಲ್ಲಿ ಸುಡದೆ ಉಳಿದಿರೋ ಜಾಗ ಸರಿಯಾಗಿ ಇದರ ಆಕಾರದ್ದೇ. ಅಂದ್ರೆ ಸುಡುವಾಗ ಇದು ಬಾಯಲ್ಲೇ ಇತ್ತು, ಆಮೇಲೆ ತೆಗೆದು ಬಚ್ಚಿಟ್ಟಿದ್ದು ಆಯಾ. ಸೆಟ್ ಹಾಕಿರೋರು ಅದನ್ನ ತೆಗೆದು ಮುಕ್ಕಳಿಸ್ತಾರೆ. ಮಗಳ ಮುಂದೆ ತೆಗೀತಿದ್ರು, ಯಾಕಂದ್ರೆ ಕಟ್ಟಿಸಿಕೊಟ್ಟವಳೇ ಅವಳು. ಅಲ್ವೇನಮ್ಮ?"

ಮಗಳು ಹೌದೆಂದು ತಲೆಯಾಡಿಸಿದಳು.

"ಆಯಾ ಮುಂದೂ ತೆಗೀತಿದ್ರು. ದಿನಾ ತೊಳೆಯೋಳು ಅವಳೇ. ನಿನ್ನೆ ತೆಗೀಲಿಲ್ಲ ಅಂದ್ರೆ, ಲೋಟ ಹಿಡಿದು ಎದುರಿಗೆ ನಿಂತಿದ್ದವರಿಂದ ಈ ಗುಟ್ಟು ಮುಚ್ಚಿಡಬೇಕಿತ್ತು. ಒಂದು ಹಲ್ಲೂ ಅಲ್ಲಾಡಿಲ್ಲ ಅಂತ ಬೀಗಿದ್ದು ಯಾರಪ್ಪ?"

ಮಗ ಗೋಡೆಗೆ ಒರಗಿದ.

"ಅಕ್ಕ ಬರ್ತೀನಿ ಅಂದ್ಲು," ಎಂದ ಕೊನೆಗೆ. "ತೋಳು ನೋಡಿ ಕೇಳ್ತಿದ್ಲು, ಅಮ್ಮ ನಾನು ಹೊಡೆದಿದ್ದು ಹೇಳಿಬಿಡ್ತಿದ್ಲು. ಅಕ್ಕ ಹೋಗೋವರೆಗೂ ಅಮ್ಮ ಸುಮ್ಮನಿದ್ರೆ ಸಾಕಿತ್ತು. ಇಷ್ಟು ಸುಡುತ್ತೆ ಅಂದ್ಕೊಂಡಿರ್ಲಿಲ್ಲ."

"ಹೇಳ್ತಿದ್ರಾ?" ಮೇಡಂ ದನಿಯಲ್ಲಿ ಕರುಣೆಯ ಪಸೆಯೂ ಇರಲಿಲ್ಲ. "ಬಾಯಿ ಸುಟ್ಟವನ ಹೆಸರನ್ನೇ ಬರೆದುಕೊಡದವರು ತೋಳಿನ ಪೆಟ್ಟು ಹೇಳ್ತಿದ್ರೇನೋ?"

ಮಗಳು ಆಯಾಳ ಮುಂದೆ ಕುಸಿದು ಕ್ಷಮೆ ಕೇಳತೊಡಗಿದಳು. ಆದರೆ ಸಹಾಯಕಿಯ ಕಣ್ಣು ಮಂಚದ ಮೇಲಿತ್ತು. ಮುದುಕಿ ತಡವಿ ತಡವಿ ಸೆಟ್ಟನ್ನು ಹಿಡಿದು, ಆ ಹಸಿಗಾಯದ ಬಾಯಿಯೊಳಗೆ ತುರುಕಿಕೊಳ್ಳುತ್ತಿದ್ದಳು. ಗಲ್ಲದ ಮೇಲೆ ರಕ್ತ ಇಳಿಯಿತು.

"ಅಯ್ಯೋ ಬೇಡಮ್ಮ, ಬಿಡಿ!" ಎಂದು ಸಹಾಯಕಿ ಕೈ ಹಿಡಿದಳು. ಇದನ್ನೆಲ್ಲ ಮುದುಕಿಯ ಕಣ್ಣೆದುರೇ ಬಿಚ್ಚಿ ಹರಡಿದ ಮೇಡಂ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು.

ಮುದುಕಿ ಕೇಳಲಿಲ್ಲ. ಹಲ್ಲಿಲ್ಲದ ಆ ಬಾಯಿಯನ್ನು ಮಗ ಇನ್ನೂ ನೋಡುತ್ತಿದ್ದ. ಪೊಲೀಸರು ಅವನನ್ನು ಬಾಗಿಲು ದಾಟಿಸುವವರೆಗೂ ಅವಳು ಹಲ್ಲನ್ನು ಒತ್ತುತ್ತಲೇ ಇದ್ದಳು.