ಮುರಿಯದ ಹನ್ನೆರಡು ತಂತಿ

೧೯೯೮ರ ಆಗಸ್ಟ್ ೧೦, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಜಾರ್ಜಿಯಾದ ಹಾರ್ಲೆಸ್ ಕೌಂಟಿಯ ಶೆರೀಫ್ ಕಚೇರಿಗೆ ಓಝೆಲಾ ಪ್ರೂಯಿಟ್ ಎಂಬ ಎಪ್ಪತ್ತೊಂದು ವರ್ಷದ ವಿಧವೆ ಬಂದರು. ಚರ್ಚಿಗೆ ಹೋಗುವಾಗ ಹಾಕುವ ಟೋಪಿಯನ್ನೇ ಹಾಕಿಕೊಂಡಿದ್ದರು. ತನಿಖಾಧಿಕಾರಿ ಡೆಲ್ಫಿಯಾ ರೀವ್ಸ್ ದೂರಿನ ನಮೂನೆಯನ್ನು ಮುಂದಕ್ಕೆಳೆದುಕೊಂಡಳು.

"ಏನು ಕಳುವಾಗಿದೆ, ಮಿಸ್ ಓಝೆಲಾ?"

"ನಮ್ಮೆಜಮಾನ್ರ ಗಿಟಾರು. ಹನ್ನೆರಡು ತಂತೀದು."

"ಎಲ್ಲಿಂದ?"

"ಅವರ ಸಮಾಧಿ ಮೇಲೆ ಇರಬೇಕಾಗಿತ್ತು."

"ಈಗ ಅಲ್ಲಿಲ್ವಾ?"

"ಒಂದು ಗಿಟಾರ್ ಇದೆ. ಮುರಿದು ಬಿದ್ದಿದೆ. ಆದ್ರೆ ಅದು ಅವರದ್ದಲ್ಲ."

ಪಕ್ಕದ ಮೇಜಿನಲ್ಲಿದ್ದ ಡೆಪ್ಯುಟಿ ವಾರೆನ್ ಟಟಲ್ ಕಾಫಿ ಲೋಟದೊಳಗೇ ನಕ್ಕ. ರೀವ್ಸ್ ಕಣ್ಣು ಬಿಟ್ಟು ನೋಡಿದ ಮೇಲೆ ಕಡತ ಹುಡುಕುವವನಂತೆ ತಲೆ ತಗ್ಗಿಸಿದ. ಅವನು ಬೇರೆ ರಾಜ್ಯದಿಂದ ಬಂದವನು, ಅವನಿಗೇನು ಗೊತ್ತು. ರೀವ್ಸ್ ಇದೇ ಮಣ್ಣಿನವಳು. ಸತ್ತವರು ಕೊನೆಯಲ್ಲಿ ಬಳಸಿದ ವಸ್ತುವನ್ನು ಸಮಾಧಿಯ ಮೇಲಿಡಬೇಕು, ಅದೂ ಒಡೆದೇ ಇಡಬೇಕು. ಇಡಿಯಾಗಿ ಉಳಿದರೆ ಸಾವಿನ ಸರಪಳಿ ತುಂಡಾಗುವುದಿಲ್ಲ, ಹೋದವರು ಬಂದು ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋಗುತ್ತಾರೆ. ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಿದವರ ಮುಂದೆ ರೀವ್ಸ್ ನಗುತ್ತಿದ್ದಳು. ಆದರೆ ಅಜ್ಜಿ ಹೋದಾಗ ಅವರ ದೀಪವನ್ನು ಕಲ್ಲಿಗೆ ಬಡಿದು ಒಡೆದವಳು ಅವಳೇ.

"ಮುರಿದವರು ಯಾರು?"

"ನಾನೇ. ಗೋಣಿಚೀಲದೊಳಗಿಟ್ಟು ಕೊಡಲಿ ಹಿಂಬದಿಯಿಂದ ಹೊಡೆದೆ. ಚೀಲ ಬಿಚ್ಚಿ ನೋಡಬಾರದು, ನೋಡಿದ್ರೆ ಕೈ ಏಳಲ್ಲ. ಮುರಿಯೋಕೆ ಮುಂಚೆ ಎರಡು ದಿನ ಆ ಚೀಲ ಚರ್ಚಿನ ಹಿಂದಿನ ಕೋಣೇಲಿತ್ತು. ಬೀಗ ಇಲ್ಲ, ಊರೆಲ್ಲ ಬಂದು ಹೋಗಿದೆ."

"ಹಾಗಾದ್ರೆ ಅವರದ್ದಲ್ಲ ಅಂತ ಹೇಗೆ ಹೇಳ್ತೀರಿ?"

"ಹೊಡೆದಾಗ ಸಪ್ಪಳ ತೆಳ್ಳಗಿತ್ತು. ದುಃಖದಲ್ಲಿ ಹಾಗನ್ನಿಸ್ತು ಅಂದ್ಕೊಂಡೆ. ಆಮೇಲೆ ಅವರ ಗಿಟಾರೇ ಕೇಳಿಸೋಕೆ ಶುರುವಾಯ್ತು. ಮಧ್ಯಾಹ್ನ ನದಿ ಕಡೆಯಿಂದ ಗಾಳಿ ಬೀಸಿದಾಗ. ನಮ್ಮೆಜಮಾನ್ರು ಲೆಮ್ಯುಯೆಲ್ ಕಟ್ತಿದ್ದಷ್ಟು ತಗ್ಗಿನ ಶ್ರುತೀಲಿ ಬೇರೆ ಯಾರೂ ತಂತಿ ಕಟ್ಟಲ್ಲ, ತಾಯಿ. ನನಗೆ ತಲೆ ಕೆಟ್ಟಿದೆ ಅಂತಾರೆ ಎಲ್ಲರೂ. ಜೂನ್ ಇಪ್ಪತ್ತೇಳಕ್ಕೆ ಅವರು ಹೋದ್ರು. ಜುಲೈನಲ್ಲಿ ನಮ್ಮ ತಂಗಿ ಕೋರಾ. ಹೋದ ವಾರ ಅವಳ ಗಂಡ. ನನ್ನ ಮೊಮ್ಮಗಳು ಈಗ ಎಂಟು ತಿಂಗಳ ಬಸುರಿ." ಮುದುಕಿಯ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. "ಹೆರಿಗೆಗೆ ಮುಂಚೆ ಅದನ್ನ ಹುಡುಕಿಕೊಡಿ. ಮುರೀಬೇಕು."

ಗಿಟಾರಿನ ಗುರುತು ಕೇಳಿದಾಗ ಓಝೆಲಾ ಒಂದು ಫೋಟೊ ಕೊಟ್ಟರು. ಅದರ ಹೊಟ್ಟೆಯೊಳಗೆ ಗಿಲಕಿ ಹಾವಿನ ಬಾಲದ ಒಣ ಗಿಲಕಿ ಇದೆ, ಅಲ್ಲಾಡಿಸಿದರೆ ಸದ್ದಾಗುತ್ತದೆ ಎಂದರು. ತೇವ ಹಿಡಿಯದಿರಲಿ, ಜೇಡ ಸೇರದಿರಲಿ ಎಂದು ಹಾಕಿದ್ದು. ಹಾವು ಹೊಡೆದು ಗಿಲಕಿ ಹಾಕಿದವನು ಡಾರ್ನೆಲ್, ಮೈದುನ ಅಬ್ನರನ ಮಗ. ಆ ಹುಡುಗ ಹತ್ತೊಂಬತ್ತನೇ ವಯಸ್ಸಿಗೆ ನದಿಯಲ್ಲಿ ಮುಳುಗಿ ಸತ್ತು ಇಪ್ಪತ್ತೊಂಬತ್ತು ವರ್ಷವಾಗಿತ್ತು.

"ಬೆಲೆ ಎಷ್ಟು ಬರೆದುಕೊಳ್ಳಲಿ?"

"ಐವತ್ತೆರಡನೇ ಇಸವೀಲಿ ಒಂದು ಹಂದಿಮರಿ ಕೊಟ್ಟು ತಗೊಂಡಿದ್ದು."

ರೀವ್ಸ್ ಬೆಲೆಯ ಅಂಕಣವನ್ನು ಖಾಲಿ ಬಿಟ್ಟಳು. ಐನೂರು ಡಾಲರ್ ದಾಟಿದರೆ ಕಳ್ಳನಿಗೆ ಸೆರೆಮನೆ, ದಾಟದಿದ್ದರೆ ದಂಡ. ಹಂದಿಮರಿಯ ಲೆಕ್ಕ ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಅದೇ ಮಧ್ಯಾಹ್ನ ಒಂದೂವರೆಗೆ ಸಮಾಧಿಯ ಬಳಿ ಮಹಜರು ನಡೆಯಿತು. ಒಡೆದ ಚಹಾ ಬಟ್ಟಲು, ಕತ್ತು ಮುರಿದ ಔಷಧಿ ಸೀಸೆ, ಗಿಟಾರಿನ ಹದಿನಾಲ್ಕು ಚೂರು. ಟಟಲ್ ಚೂರುಗಳನ್ನು ಚೀಲಕ್ಕೆ ತುಂಬುತ್ತ, "ಸತ್ತವರ ಸಾಮಾನು ಮುಟ್ಟಿದ್ರೆ ನಮ್ಮನ್ನೂ ಕರೀತಾರಾ?" ಎಂದ. ರೀವ್ಸ್ ಗದರಿದಳು: "ನಿನ್ನನ್ನ ಕರ್ಕೊಂಡು ಹೋಗಿ ಅವರೇನು ಮಾಡ್ತಾರೆ? ಬೇಗ ತುಂಬು."

ಮರುದಿನ ಅವರಿಬ್ಬರೂ ಮೇಕನ್ ಪಟ್ಟಣಕ್ಕೆ ಹೋದರು. ಅಲ್ಲಿ ಗ್ರೇಡಿ ಹ್ಯಾಸ್ಕೆಲ್ ಎಂಬಾತ ನಲವತ್ತು ವರ್ಷದಿಂದ ಹಳೆಯ ತಂತಿವಾದ್ಯಗಳನ್ನು ರಿಪೇರಿ ಮಾಡುತ್ತಿದ್ದ, ಬೆಲೆಯನ್ನೂ ಕಟ್ಟುತ್ತಿದ್ದ. ಅವನು ಚೂರುಗಳನ್ನು ಹಲಗೆಯ ಮೇಲೆ ಹರಡಿ ಕನ್ನಡಕ ಏರಿಸಿದ.

"ಇದರ ಕತ್ತಿನೊಳಗೆ ಉಕ್ಕಿನ ಕಂಬಿ ಇದೆ ನೋಡಿ. ಹಳೇದಕ್ಕೆ ಇರಲ್ಲ. ಮೈಯೆಲ್ಲ ಪ್ಲೈವುಡ್ಡು. ಹಡಗಲ್ಲಿ ಬಂದ ಮಾಲು, ಎಪ್ಪತ್ತೈದನೇ ಇಸವಿ ಆಚೀಚೆ. ಇಡಿಯಾಗಿದ್ದಾಗಲೂ ಅರವತ್ತು ಡಾಲರ್ ಬಾಳ್ತಿರಲಿಲ್ಲ."

ಅಂದರೆ ಮುದುಕಿಯ ತಲೆ ಕೆಟ್ಟಿರಲಿಲ್ಲ. ರೀವ್ಸಳ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಅವಳು ಲೆಮ್ಯುಯೆಲ್‌ನ ಗಿಟಾರಿನ ಫೋಟೊ ಮುಂದಿಟ್ಟಳು.

ಹ್ಯಾಸ್ಕೆಲ್ ಅದನ್ನು ತುಂಬ ಹೊತ್ತು ನೋಡಿದ. "ಇದು ಬೇರೆ. ತಂತಿ ಹೊಟ್ಟೆ ಮೇಲೆ ನಿಂತಿಲ್ಲ, ತುದಿಯಲ್ಲಿರೋ ತಗಡಿಗೆ ಸಿಕ್ಕಿಸಿದ್ದಾರೆ. ಕತ್ತಿನ ಮೇಲಿನ ಹನ್ನೆರಡನೇ ಸ್ವರದ ಮನೆ ಹತ್ರವೇ ಮೈ ಶುರು. ಅಗ್ಗದ ಮರಕ್ಕೆ ಗೆರೆ ಬರೆದು ದುಬಾರಿ ಮರದ ಹಾಗೆ ಕಾಣಿಸಿದ್ದಾರೆ. ಮೂವತ್ತನೇ ಇಸವಿಗೆ ಎರಡು ವರ್ಷ ಹಿಂದೆ ಮುಂದೆ. ಬಡವರ ವಾದ್ಯ ಅಂತ ಆಗ ಯಾರೂ ಜೋಪಾನ ಮಾಡಲಿಲ್ಲ, ಅದಕ್ಕೇ ಈಗ ಸಿಗಲ್ಲ. ಬಿರುಕಿಲ್ದೆ ಇದ್ರೆ ಐದು ಸಾವಿರ ಅಂತ ಬರೆದುಕೊಡ್ತೀನಿ."

ಟಟಲ್ ಸಿಳ್ಳೆ ಹಾಕಿದ.

"ಅದನ್ನ ಅಷ್ಟು ತಗ್ಗಿಸಿ ಯಾಕೆ ನುಡಿಸ್ತಿದ್ರು?" ರೀವ್ಸ್ ಕೇಳಿದಳು.

"ಹನ್ನೆರಡು ತಂತೀನ ಮಾಮೂಲಿ ಶ್ರುತಿಗೆ ಬಿಗಿದ್ರೆ ಆ ಹೊಟ್ಟೆ ಸೀಳಿಹೋಗುತ್ತೆ. ತಗ್ಗಿಸಿದ್ರೆ ಮಾಮೂಲಿ ತಂತಿ ಜೋತು ಬೀಳುತ್ತೆ, ದಪ್ಪದ್ದೇ ಬೇಕು. ಅಷ್ಟು ದಪ್ಪದ್ದನ್ನ ಲೆಮ್ಯುಯೆಲ್‌ಗೆ ಅಂತಲೇ ತರಿಸಿಡ್ತಿದ್ದೆ." ಅವನು ನೆನಪಿಸಿಕೊಂಡು ಸೇರಿಸಿದ: "ಜುಲೈ ಮಧ್ಯದಲ್ಲಿ ಅವರ ತಮ್ಮ ಬಂದು ಒಂದು ಸೆಟ್ ತಂತಿ ತಗೊಂಡ್ಹೋದ್ರು. ಅಣ್ಣನಿಗೆ ಹುಷಾರಾ ಅಂತ ಕೇಳಿದೆ. ಹ್ಞೂಂ, ಹುಷಾರು ಅಂದ್ರು."

ಆ ಹೊತ್ತಿಗೆ ಲೆಮ್ಯುಯೆಲ್ ಮಣ್ಣಾಗಿ ಎರಡು ವಾರ ಕಳೆದಿತ್ತು. ವಾಪಸು ಬರುವ ದಾರಿಯುದ್ದಕ್ಕೂ ಟಟಲ್ ತಮಾಷೆ ಮಾಡಲಿಲ್ಲ.

ಆಗಸ್ಟ್ ೧೨, ಬುಧವಾರ, ಮಧ್ಯಾಹ್ನ ಹನ್ನೆರಡೂಕಾಲು. ಅಬ್ನರ್ ಪ್ರೂಯಿಟ್‌ನ ಮನೆ ನದಿಯ ದಂಡೆಯಲ್ಲಿತ್ತು. ಕಾರಿನಿಂದ ಇಳಿಯುವ ಮೊದಲೇ ಸದ್ದು ಕೇಳಿಸಿತು. ಅದು ಹಾಡಲ್ಲ. ಯಾರೋ ಹೆಬ್ಬೆರಳಿನಿಂದ ಎಲ್ಲ ತಂತಿಗಳನ್ನೂ ಒಮ್ಮೆ ಎಳೆಯುತ್ತಿದ್ದರು, ಅದು ಪೂರ್ತಿ ಸಾಯುವವರೆಗೆ ಕಾಯುತ್ತಿದ್ದರು, ಮತ್ತೆ ಎಳೆಯುತ್ತಿದ್ದರು. ಹಾಡುಹಗಲಲ್ಲಿ, ಮೇಲೆ ಸುಡುವ ಸೂರ್ಯ ಇದ್ದರೂ, ರೀವ್ಸಳ ತೋಳಿನ ರೋಮ ನೆಟ್ಟಗಾಯಿತು. ಅವಳಿಗೆ ಹೆದರಿಕೆಯೇ ಆಯಿತು, ಸುಳ್ಳೇಕೆ ಹೇಳಬೇಕು.

ಅಬ್ನರ್ ಹಿಂದಿನ ಜಗಲಿಯ ಮೇಲೆ ನದಿಗೆ ಮುಖ ಮಾಡಿ ಕೂತಿದ್ದ. ಎದುರಿಗೆ ಒಂದು ಖಾಲಿ ಕುರ್ಚಿ ಇತ್ತು.

"ಈ ಗಿಟಾರ್ ಯಾರದ್ದು?"

"ನಂದು."

ಟಟಲ್ ಅದನ್ನು ತೆಗೆದುಕೊಂಡು ಅಲ್ಲಾಡಿಸಿದ. ಒಳಗಿನ ಗಿಲಕಿ ಗಲಗಲ ಎಂದಿತು. ಅಬ್ನರ್ ಕಣ್ಣು ಮುಚ್ಚಿಕೊಂಡ.

"ಇದು ನಿಮ್ಮಣ್ಣಂದು."

"ನಂದು ಅಂದೆನಲ್ಲ."

ಠಾಣೆಯಲ್ಲೂ ಎರಡು ಗಂಟೆ ಕಾಲ ಅದೇ ಮಾತು. ಮೂರಕ್ಕೆ ಸರ್ಕಾರಿ ವಕೀಲರು ಫೋನಿನಲ್ಲಿ ಕಾನೂನು ತಿಳಿಸಿದರು. ಆರೋಪಿ ತಪ್ಪೊಪ್ಪಿಕೊಂಡರೆ ಫೋಟೊ ತೆಗೆದಿಟ್ಟುಕೊಂಡು ವಸ್ತುವನ್ನು ಒಡತಿಗೆ ಕೊಡಬಹುದು. ಒಪ್ಪದಿದ್ದರೆ ವಿಚಾರಣೆ ಮುಗಿಯುವವರೆಗೆ ಅದು ಇಡಿಯಾಗಿ ಠಾಣೆಯ ಕಪಾಟಿನಲ್ಲಿರಬೇಕು. ಅಂದರೆ ಬರುವ ವಸಂತದವರೆಗೆ.

ರೀವ್ಸ್ ಇದನ್ನು ಅಬ್ನರನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಒಪ್ಪಿದರೆ ಐದು ಸಾವಿರದ ಕಳವು, ಸೆರೆಮನೆಯೂ ಆಗಬಹುದು ಎಂಬುದನ್ನೂ ಹೇಳಿದಳು.

"ಹಾಗಾದ್ರೆ ಒಪ್ಪಲ್ಲ," ಎಂದ ಅಬ್ನರ್. ಅವನ ಮುಖದಲ್ಲಿ ಮೊದಲ ಬಾರಿಗೆ ಸಮಾಧಾನ ಕಂಡಿತು. ರೀವ್ಸಳಿಗೆ ರೇಗಿತು. ಅವಳು ಎದ್ದು ಹೋಗಿ, ಹೊರಗೆ ಕಾಯುತ್ತಿದ್ದ ಓಝೆಲಾರನ್ನು ಒಳಗೆ ಕರೆತಂದಳು.

ಓಝೆಲಾ ಕೂರಲಿಲ್ಲ. "ಯಾಕೆ ಅಬ್ನರ್? ಮಾರೋದಕ್ಕಾ?"

"ಛೆ, ಅತ್ತಿಗೆ."

"ಮತ್ತೆ?"

ಅಬ್ನರ್ ತನ್ನ ಹೆಬ್ಬೆರಳನ್ನು ನೋಡಿಕೊಂಡ. "ಡಾರ್ನೆಲ್‌ದು ನಾನು ಏನೂ ಉಳಿಸಿಕೊಳ್ಳಲಿಲ್ಲ. ಹಿರಿಯರು ಹೇಳಿದ್ರು ಅಂತ ಅವನ ಬಟ್ಲು, ಬಾಚಣಿಗೆ, ಎಲ್ಲ ನನ್ನ ಕೈಯಾರೆ ಒಡೆದೆ. ಸರಪಳಿ ತುಂಡಾಯ್ತು. ಇಪ್ಪತ್ತೊಂಬತ್ತು ವರ್ಷ ಆಯ್ತು, ನನ್ನನ್ನ ಕರೆಯೋಕೆ ಯಾರೂ ಬರಲಿಲ್ಲ. ಅವನು ಗಿಲಕಿ ಹಾಕಿದ್ದ ಇದೊಂದು ಉಳಿದಿತ್ತು. ಇದು ಇಡಿಯಾಗಿದ್ರೆ ಅಣ್ಣ ಬರ್ತಾನೆ, ಬರುವಾಗ ನನ್ನ ಹುಡುಗನ್ನೂ ಕರ್ಕೊಂಡು ಬರ್ತಾನೆ ಅಂದ್ಕೊಂಡೆ. ದಿನಾ ಮಧ್ಯಾಹ್ನ ಕುರ್ಚಿ ಹಾಕಿಟ್ಟು ಬಾರಿಸ್ತಿದ್ದೆ. ಡಾರ್ನೆಲ್ ಮುಳುಗಿದ್ದು ಆ ಹೊತ್ತಲ್ಲೇ."

"ಬಂದ್ರಾ?"

"ಬಂದ್ರು ಅನ್ಸುತ್ತೆ. ಕೋರಾನ ಕರ್ಕೊಂಡು ಹೋದ್ರು. ಅವಳ ಗಂಡನ್ನ ಕರ್ಕೊಂಡು ಹೋದ್ರು." ಅವನು ಹೆಬ್ಬೆರಳನ್ನು ಮೇಜಿಗೆ ಒತ್ತಿದ. "ನನ್ನ ಮನೆ ಮುಂದೇನೇ ಹಾದು ಹೋಗಿರಬೇಕು, ಅತ್ತಿಗೆ. ನನ್ನನ್ನ ಕರೀಲಿಲ್ಲ."

ಟಟಲ್ ಕಿಟಕಿಯ ಕಡೆ ತಿರುಗಿ ನಿಂತ.

ಓಝೆಲಾ ಕುರ್ಚಿಯನ್ನೆಳೆದುಕೊಂಡು ಮೈದುನನ ಪಕ್ಕದಲ್ಲಿ ಕೂತರು. "ಮಗು ಮುಂದಿನ ತಿಂಗಳು ಬರುತ್ತೆ," ಎಂದರು. "ಗಂಡು ಅಂತ ಹೇಳಿದ್ದಾರೆ."

ಅಬ್ನರ್ ತಲೆಯೆತ್ತಿ ಅವರನ್ನು ನೋಡಿದ. ಆಮೇಲೆ ರೀವ್ಸಳ ಮುಂದಿದ್ದ ಹಾಳೆಯ ಕಡೆ ಕೈ ಚಾಚಿದ.

"ಬರಕೊಳ್ಳಿ. ಚೀಲದಲ್ಲಿ ಬೇರೆ ಗಿಟಾರ್ ಇಟ್ಟು ಇದನ್ನ ತಗೊಂಡವನು ನಾನೇ."

ಮೂರು ಐವತ್ತಕ್ಕೆ ಅವನು ಸಹಿ ಹಾಕಿದ. ರೀವ್ಸ್ ಅವನನ್ನು ಬಂಧಿಸಿದಳು, ಬೆಲೆಯ ಅಂಕಣ ತುಂಬಿದಳು, ಗಿಟಾರಿನ ಹನ್ನೊಂದು ಫೋಟೊ ತೆಗೆಸಿ ಅದನ್ನು ಓಝೆಲಾರ ಕೈಗೆ ಕೊಟ್ಟಳು. ಟಟಲ್ ಅಬ್ನರನ ತೋಳು ಹಿಡಿದು ಲಾಕಪ್ಪಿನ ಕಡೆ ನಡೆಸಿದ. ಬಾಗಿಲಿನಲ್ಲಿ ಮುದುಕ ನಿಂತ, ಆದರೆ ತಿರುಗಿ ನೋಡಲಿಲ್ಲ.

"ಇವತ್ತೇ ಮುರಿ, ಅತ್ತಿಗೆ," ಎಂದ. "ನಾಳೆ ಅಂದ್ರೆ ನಾನು ಮನಸ್ಸು ಬದಲಾಯಿಸಿಬಿಡ್ತೀನಿ."